ಮನೆಯಲ್ಲಿ ಮಲಗಿದವರಿಗೆ ಯಾವ ಹಾಡು ಹಚ್ಚಬೇಕು?

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ರೋಗಿಯ ಕಡೆಯವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಮೂರು. ಗುಳಿಗೆ ಎಷ್ಟು ಹೊತ್ತಿಗೆ ಕೊಡಬೇಕು? ಏನು ಉಣ್ಣಿಸಬಹುದು? ಮತ್ತೆ ಯಾವಾಗ ತೋರಿಸಲು ಬರಬೇಕು? ಇವಕ್ಕೆ ಉತ್ತರವನ್ನು ನಾವು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಆದರೆ ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಗುಳಿಗೆ, ಊಟ, ಸ್ನಾನಕ್ಕೆ ಹಿಡಿಯುವುದು ಎರಡೋ ಮೂರೋ ತಾಸು. ಉಳಿದ ಹೊತ್ತನ್ನು ಹಾಸಿಗೆಯಲ್ಲಿದ್ದವರು ಹೇಗೆ ಕಳೆಯಬೇಕೆಂದು ಕೇಳುವವರು ಅಪರೂಪ.

ಸನವಳ್ಳಿಯಂಥ ಊರುಗಳಲ್ಲಿ ಭತ್ತ, ಗೋವಿನಜೋಳದ ಕೆಲಸದ ದಿನಗಳಲ್ಲಿ ಮನೆಮಂದಿಯೆಲ್ಲ ಹೊತ್ತೇರುವ ಮೊದಲೇ ಗದ್ದೆಗೆ ಹೋಗುತ್ತಾರೆ. ಮಲಗಿದ ಹಿರಿಯರ ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟು, "ಬೇಜಾರಾಗಬಾರದು" ಎಂದು ಟಿವಿ ಹಚ್ಚಿ ಹೋಗುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಕೂಗಾಡುವ ಸುದ್ದಿ, ಜಗಳದ ಧಾರಾವಾಹಿ, ನಡುನಡುವೆ ಇನ್ನೂ ಜೋರಾದ ಜಾಹೀರಾತು ಇವೆಲ್ಲ ಆರು ತಾಸು ಕಿವಿಗೆ ಬಡಿಯುತ್ತಿದ್ದರೆ ಆರೋಗ್ಯವಂತರಿಗೂ ತಲೆ ಸಿಡಿಯುತ್ತದೆ. ಪಾರ್ಶ್ವವಾಯುವಿನಿಂದ ಮಾತು ಬಿದ್ದುಹೋದವರಿಗೆ "ಅದನ್ನು ಬಂದ್ ಮಾಡ್ರಿ" ಎಂದು ಹೇಳಲೂ ಬರುವುದಿಲ್ಲ. ಆದ್ದರಿಂದ ಟಿವಿಯ ಬದಲು ಏನು ಕೇಳಿಸಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರ ಮೊಬೈಲಿನಲ್ಲಿಯೂ ಇರುವ ಸಿನಿಮಾ ಹಾಡು ಮತ್ತು ಭಕ್ತಿಗೀತೆಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಸುತ್ತಲಿನ ನೆಲದಲ್ಲಿಯೇ ಹುಟ್ಟಿ, ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಸದೇ ಇರುವ ಸಂಗೀತದ ಬಗ್ಗೆ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಹಾಡು ಔಷಧಿಯಲ್ಲ. ಇಂಥ ರಾಗ ಕೇಳಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಇಂಥ ರಾಗದಿಂದ ರಕ್ತದೊತ್ತಡದ ಗುಳಿಗೆ ಬಿಡಬಹುದು ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ನಂಬಬೇಡಿ. ಗುಳಿಗೆ ಗುಳಿಗೆಯೇ. ಹಾಡಿನಿಂದ ಆಗುವ ಉಪಕಾರ ಬೇರೆ, ಅದಕ್ಕೆ ಆಧಾರವೂ ಇದೆ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 73 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂತು. ಸಂಗೀತ ಕೇಳಿದವರಲ್ಲಿ ನೋವು ಮತ್ತು ಆತಂಕ ಕಡಿಮೆಯಿತ್ತು, ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಆಸ್ಪತ್ರೆಯಲ್ಲಿ ಇರಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಇದು ಪ್ರಾಮಾಣಿಕವಾದ ಲೆಕ್ಕ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಪಾರ್ಶ್ವವಾಯು ಆದ 60 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಸಕ್ತಿಯದು. ಒಂದು ಗುಂಪಿನವರು ತಮಗೆ ಇಷ್ಟವಾದ ಸಂಗೀತವನ್ನು ಎರಡು ತಿಂಗಳು ದಿನಕ್ಕೆ ಕನಿಷ್ಠ ಒಂದು ತಾಸು ಕೇಳಿದರು, ಇನ್ನೊಂದು ಗುಂಪಿನವರು ಓದಿದ ಪುಸ್ತಕಗಳ ಧ್ವನಿಮುದ್ರಣ ಕೇಳಿದರು, ಮೂರನೆಯವರು ಏನೂ ಕೇಳಲಿಲ್ಲ. ಮಾತಿನ ನೆನಪು ಮತ್ತು ಗಮನ ಸಂಗೀತ ಕೇಳಿದವರಲ್ಲಿ ಹೆಚ್ಚು ಸುಧಾರಿಸಿತು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಾಯಿತು. ಗಮನಿಸಿ, "ತಮಗೆ ಇಷ್ಟವಾದ" ಸಂಗೀತ. ಮಗನಿಗೆ ಇಷ್ಟವಾದದ್ದಲ್ಲ, ಸೊಸೆಗೆ ಇಷ್ಟವಾದದ್ದಲ್ಲ.

ಇನ್ನು ಹಾಡುಗಳ ಮಾತು.

ನಮ್ಮ ಪಕ್ಕದ ಹಾನಗಲ್ ತಾಲೂಕಿನಿಂದಲೇ ಶುರು ಮಾಡೋಣ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿದ್ದು ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹುಟ್ಟಿದ್ದೂ ಅದೇ ತಾಲೂಕಿನಲ್ಲಿ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟರಾಜ ಗವಾಯಿಗಳ ಫೋಟೋ ನಮ್ಮ ಕಡೆ ಅನೇಕ ಮನೆಗಳ ಗೋಡೆಯ ಮೇಲಿದೆ. ಅವರ ಹಾರ್ಮೋನಿಯಂ, ವಾಯೊಲಿನ್ ವಾದನವನ್ನು ಕೂತು ಕೇಳಿದವರು ಎಷ್ಟು ಜನ? ಹುಡುಕಿ ಕೇಳಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತವರಿಗೆ ನಾನು ಮೊದಲು ಹೇಳುವುದು ಇದನ್ನೇ. ಟಿವಿ ನೋಡಲಾಗದ ಆ ಒಂದೆರಡು ದಿನ ಕಿವಿಗೆ ಹಬ್ಬವಾಗಬಹುದು.

ವಚನ ಗಾಯನ ಎಂದರೆ ಈಗ ವಾದ್ಯಗಳ ಅಬ್ಬರದೊಂದಿಗೆ ಬರುವ ಧ್ವನಿಸುರುಳಿಗಳೇ ನೆನಪಿಗೆ ಬರುತ್ತವೆ. ಅವುಗಳ ಹಿಂದಿನ ತಲೆಮಾರನ್ನು ಕೇಳಬೇಕು. ಸಿದ್ಧರಾಮ ಜಂಬಲದಿನ್ನಿಯವರು ರಾಯಚೂರು ಕಡೆಯವರು. ಅವರ ಹೆಸರು ಗೊತ್ತಿರುವವರು ಈಗ ಕಡಿಮೆ. ತಂಬೂರಿ, ತಬಲಾ, ಹಾರ್ಮೋನಿಯಂ ಇಷ್ಟರಲ್ಲಿಯೇ ಮಾತು ಮಾತು ಬಿಡಿಸಿ ಕೇಳುವಂತೆ ಹಾಡಿದವರು. ಬಸವರಾಜ ರಾಜಗುರು (1920–1991) ಅವರ ವಚನಗಳು ಮತ್ತು ನಾಟ್ಯಗೀತೆಗಳೂ ಹಾಗೆಯೇ. ಮಲ್ಲಿಕಾರ್ಜುನ ಮನಸೂರ (1910–1992) ಅವರ ವಚನಗಳು ಪ್ರಸಿದ್ಧವೇ ಆದರೂ, ಅವರು ಹಾಡಿದ ಅಪರೂಪದ ರಾಗಗಳನ್ನು ಮನೆಗಳಲ್ಲಿ ಹಚ್ಚುವವರಿಲ್ಲ. ಶಿವಮತ ಭೈರವ, ಆಸಾ ಜೋಗಿಯಾ, ಲಚ್ಚಾಸಾಖ, ಖಟ್ ಇಂಥವನ್ನು ಬೇರೆಯವರು ಹಾಡುವುದೇ ಅಪರೂಪ. ರಾಗದ ಹೆಸರು ಗೊತ್ತಿಲ್ಲದಿದ್ದರೆ ಕೇಳಬಾರದೆಂದೇನೂ ಇಲ್ಲ. ನನಗೂ ರಾಗಜ್ಞಾನವಿಲ್ಲ. ಬೆಳಗಿನ ಹೊತ್ತು ಮನಸೂರರ ಧ್ವನಿ ಮನೆಯಲ್ಲಿ ಓಡಾಡುತ್ತಿದ್ದರೆ ಕಸ ಹೊಡೆಯುವ ಕೈಯೂ ತಾನಾಗಿ ನಿಧಾನವಾಗುತ್ತದೆ ಎಂಬುದಷ್ಟು ಗೊತ್ತು.

ವಯಸ್ಸಾದವರ ಕಿವಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ವಯಸ್ಸಿನಿಂದ ಬರುವ ಕಿವುಡುತನದಲ್ಲಿ ಮೊದಲು ಹೋಗುವುದು ತೆಳ್ಳನೆಯ, ಏರುದನಿಯ ಶಬ್ದಗಳು. ಸ, ಶ, ತ ಅಕ್ಷರಗಳು ಮಸಕಾಗುತ್ತವೆ. ದಪ್ಪ, ತಗ್ಗಿದ ದನಿ ಬಹಳ ಕಾಲ ಉಳಿಯುತ್ತದೆ. "ಅಜ್ಜನಿಗೆ ಕೇಳಿಸುವುದಿಲ್ಲ" ಎಂದು ಧ್ವನಿ ಏರಿಸಿದರೆ ಏರುದನಿಯ ಹಾಡು ಇನ್ನಷ್ಟು ಕರ್ಕಶವಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಹಾಡನ್ನೇ ಬದಲಿಸಬೇಕು. ಗಂಗೂಬಾಯಿ ಹಾನಗಲ್ (1913–2009) ಅವರನ್ನು ಕೇಳಿಸಿ ನೋಡಿ. ಎಳೆಯ ವಯಸ್ಸಿನಲ್ಲಿ ಅವರ ದನಿ ತೆಳ್ಳಗಿತ್ತು. "ಗಾಂಧಾರಿ ಹುಬ್ಬಳ್ಳಿ" ಎಂಬ ಹೆಸರಿನಲ್ಲಿ ಬಂದ ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ಆ ದನಿ ಇದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ದಪ್ಪವಾಯಿತು. ಗಂಡುದನಿ ಎಂದು ಜನ ಆಡಿಕೊಂಡರೂ ಅವರು ಬಿಡಲಿಲ್ಲ, ಅದೇ ದನಿಯಲ್ಲಿ 2006ರಲ್ಲಿ, 93ನೆಯ ವಯಸ್ಸಿನಲ್ಲಿಯೂ ಹಾಡಿದರು. ಪಾರ್ಶ್ವವಾಯು ಅಥವಾ ಗಂಟಲಿನ ಚಿಕಿತ್ಸೆಯಿಂದ ದನಿ ಬದಲಾದ ಹೆಣ್ಣುಮಕ್ಕಳಿಗೆ ಮೊದಲು ಆ ಹಳೆಯ ಪ್ಲೇಟು, ನಂತರ ಅವರ ದೊಡ್ಡ ವಯಸ್ಸಿನ ಧ್ವನಿಮುದ್ರಣ ಎರಡನ್ನೂ ಕೇಳಿಸಿ. ವಿವರಿಸುವ ಅಗತ್ಯ ಬೀಳುವುದಿಲ್ಲ. ಮಂದ್ರದಲ್ಲಿ ನುಡಿಯುವ ವಾದ್ಯ ಬೇಕಾದರೆ ಬಿಂದುಮಾಧವ ಪಾಠಕ ಅವರ ರುದ್ರವೀಣೆ ಇದೆ. ಧಾರವಾಡದ ಸಿತಾರ ಮನೆತನದ ಬಾಲೇಖಾನ್ (1942–2007) ಅವರ ಸಿತಾರವೂ ಇದೆ. ಅವರ ಅಜ್ಜ ರಹಿಮತ್ ಖಾನ್ ಧಾರವಾಡದಲ್ಲಿ ನೆಲೆ ನಿಂತ ದೊಡ್ಡ ಸಿತಾರ ವಾದಕರು. ಸಂಜೆ ದೀಪ ಹಚ್ಚಿದ ಮೇಲೆ ಕೇಳುವುದಕ್ಕೆ ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ.

ಧ್ವನಿ ಏರಿಸುವ ಮೊದಲು ಕಿವಿಯಲ್ಲಿ ಕುಗ್ಗೆ ಗಟ್ಟಿಯಾಗಿದೆಯೇ ಎಂದು ನಮ್ಮಲ್ಲಿ ಒಮ್ಮೆ ತೋರಿಸಿ. ಕಡ್ಡಿ, ಪಿನ್ನು ಹಾಕಿ ನೀವೇ ತೆಗೆಯಬೇಡಿ. ಕುಗ್ಗೆ ತೆಗೆದ ಮೇಲೆ "ಹಾಡು ಸ್ವಚ್ಛ ಕೇಳತದ" ಎಂದು ನಕ್ಕವರು ಅನೇಕರಿದ್ದಾರೆ.

ಕ್ಷಯರೋಗದ ಚಿಕಿತ್ಸೆಯಲ್ಲಿರುವವರಿಗೆ ಕುಮಾರ ಗಂಧರ್ವರ (1924–1992) ಕಥೆಯನ್ನು ನಾನು ತಪ್ಪದೇ ಹೇಳುತ್ತೇನೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಇವರ ಮನೆಯ ಹೆಸರು ಶಿವಪುತ್ರ. ಹತ್ತು-ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡಿ ಹೆಸರಾದವರು. ಪ್ರಾಯದಲ್ಲಿ ಕ್ಷಯ ಬಂತು. ಒಣ ಹವೆ ಒಳ್ಳೆಯದೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು. ಹಾಡುವುದಿರಲಿ, ಹೆಚ್ಚು ಮಾತಾಡುವುದೂ ಬೇಡವೆಂಬ ಸ್ಥಿತಿ. ಆಗ ಸ್ಟ್ರೆಪ್ಟೋಮೈಸಿನ್ ಹೊಸದಾಗಿ ಬಂದ ಔಷಧಿ, ಅದು ಅವರನ್ನು ಉಳಿಸಿತು. ಆದರೆ ಒಂದು ಪುಪ್ಪುಸ ಕೆಲಸಕ್ಕೆ ಬಾರದಂತಾಗಿತ್ತು. ಐದಾರು ವರ್ಷದ ಮೌನದ ನಂತರ ಅವರು ಮತ್ತೆ ಹಾಡಲು ಕುಳಿತಾಗ ಉದ್ದನೆಯ ಉಸಿರು ಇರಲಿಲ್ಲ. ಇದ್ದ ಉಸಿರಿಗೆ ತಕ್ಕಂತೆ ಸಣ್ಣ ಸಣ್ಣ ತುಣುಕುಗಳಲ್ಲಿ, ನಡುವೆ ಬಿಡುವು ಕೊಟ್ಟು ಹಾಡುವ ಹೊಸ ಬಗೆಯನ್ನೇ ಕಟ್ಟಿದರು. ಹಾಸಿಗೆಯಲ್ಲಿ ಮಲಗಿದ್ದಾಗ ಬೀದಿಯಲ್ಲಿ ಹಾಡುತ್ತ ಹೋಗುವವರಿಂದ ಕಿವಿಗೆ ಬಿದ್ದ ಮಾಳವ ಪ್ರಾಂತ್ಯದ ಜನಪದ ಹಾಡುಗಳು, ಕಬೀರರ ನಿರ್ಗುಣ ಭಜನೆಗಳು ಅವರ ಸಂಗೀತಕ್ಕೆ ಬಂದವು. ಆ ಭಜನೆಗಳು ಹಿಂದಿ ಭಾಷೆಯವು. ಅರ್ಥವಾಗದಿದ್ದರೂ ಅಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಈಗ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ, ಸರ್ಕಾರದಿಂದ ಪುಕ್ಕಟೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಗುಳಿಗೆ ಬಿಡುವವರಿಗೆ ಈ ಕಥೆಯನ್ನು ಎರಡು ಸಲ ಹೇಳುತ್ತೇನೆ.

ನಮ್ಮ ಜಿಲ್ಲೆಯ ಸಂಗೀತಕ್ಕೆ ಬಂದರೆ, ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರಿಗೂ ಗೊತ್ತಾಯಿತು. ಹೆಸರು ಗೊತ್ತಾದಷ್ಟು ಹಾಡು ಗೊತ್ತಾಗಲಿಲ್ಲ. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ಅಕ್ಷರವಿಲ್ಲದೆ ತಲೆಯಲ್ಲಿ ಇಟ್ಟುಕೊಂಡಿದ್ದವರು, ಸಾರಾಯಿಯ ವಿರುದ್ಧ ಹೋರಾಡಿದವರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹಾಡುಗಳ ಧ್ವನಿಮುದ್ರಣಗಳಿವೆ. ಆ ರಾಗಗಳು ಸಣ್ಣವು, ಅದೇ ಸಾಲು ಸುತ್ತಿ ಸುತ್ತಿ ಬರುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಮುಂದೇನು ಬರುತ್ತದೆ ಎಂಬ ಗಾಬರಿ ಇಲ್ಲದೆ ಕೇಳಲು ಇದು ಅನುಕೂಲ. ಹಾಲಕ್ಕಿಗಳ ಗುಮಟೆ ಪಾಂಗು ಮತ್ತು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡುಗಳ ಸಿದ್ದಿ ಬಾಂಧವರ ಡಮಾಮಿ ಬೇರೆ ಜಾತಿಯವು, ಕಾಲು ಸುಮ್ಮನಿರಗೊಡುವುದಿಲ್ಲ. ಇವನ್ನು ಮಲಗುವ ಹೊತ್ತಿಗೆ ಹಚ್ಚಬೇಡಿ, ವ್ಯಾಯಾಮದ ಹೊತ್ತಿಗೆ ಹಚ್ಚಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಜ್ಜೆ ನೆಲಕ್ಕೆ ಅಂಟಿದಂತಾಗುತ್ತದೆ. ಸಮವಾದ ತಾಳ ಕೇಳಿಸಿದರೆ ಹೆಜ್ಜೆ ಉದ್ದವಾಗಿ, ನಡಿಗೆ ಸುಧಾರಿಸುತ್ತದೆ ಎಂಬುದು 1990ರ ದಶಕದಿಂದ ಅಧ್ಯಯನಗಳಲ್ಲಿ ಕಂಡುಬಂದಿದೆ. ಡಮಾಮಿಯ ಪೆಟ್ಟಾಗಲಿ, ಭಜನೆಯ ತಾಳವಾಗಲಿ ನಡೆಯುತ್ತದೆ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲೇಬೇಕು.

ಮುಂಡಗೋಡಿನ ಟಿಬೆಟನ್ ಕ್ಯಾಂಪು 1966ರಿಂದ ಇದೆ. ಅಲ್ಲಿಯ ಲಾಮಾಗಳನ್ನು ನಾವು ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ದಿನಾ ನೋಡುತ್ತೇವೆ. ಅಲ್ಲಿಯ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳ ಮಂತ್ರಪಠಣ ದೇಶ ವಿದೇಶಗಳ ವೇದಿಕೆಗಳಲ್ಲಿ ಕೇಳಿಬಂದಿದೆ ಎಂದರೆ ಊರಿನವರೇ ಆಶ್ಚರ್ಯಪಡುತ್ತಾರೆ. ಒಬ್ಬನೇ ಮನುಷ್ಯನ ಗಂಟಲಿನಿಂದ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸ್ವರ ಹೊರಡುವಂಥ ತೀರ ಆಳದ ದನಿ ಅದು. ಕೆಲವರಿಗೆ ಅದು ನಿದ್ದೆಯಂಥ ಸಮಾಧಾನ ಕೊಡುತ್ತದೆ, ಕೆಲವರಿಗೆ ಭಯ ಹುಟ್ಟಿಸುತ್ತದೆ. ಮೊದಲ ಸಲ ನೀವು ಪಕ್ಕದಲ್ಲಿ ಕೂತೇ ಕೇಳಿಸಿ.

ಎಂಬತ್ತರ ಆಸುಪಾಸಿನವರಿಗೆ ಯಾವುದು ನಾಟುತ್ತದೆ ಎಂದು ಗೊತ್ತಾಗದಿದ್ದರೆ ಒಂದು ಸರಳ ಲೆಕ್ಕ ಹಾಕಿ. ಮನುಷ್ಯನ ನೆನಪಿನಲ್ಲಿ ಹತ್ತರಿಂದ ಮೂವತ್ತರ ವಯಸ್ಸಿನ ಹಾಡುಗಳು ಬೇರೆಲ್ಲಕ್ಕಿಂತ ಗಟ್ಟಿಯಾಗಿ ಕೂತಿರುತ್ತವೆ. ಇವರಿಗೆ ಅದು ಸುಮಾರು 1955ರಿಂದ 1975ರ ಕಾಲ. ನಮ್ಮ ಭಾಗದಲ್ಲಿ ಅದು ಕಂಪನಿ ನಾಟಕಗಳ, ಶ್ರೀಕೃಷ್ಣ ಪಾರಿಜಾತದ, ದೊಡ್ಡಾಟದ ಕಾಲ. ಏಣಗಿ ಬಾಳಪ್ಪನವರ (1914–2017) ರಂಗಗೀತೆಗಳನ್ನು ಒಮ್ಮೆ ಹಚ್ಚಿ ನೋಡಿ. ಹೆಸರು ಮರೆತ ಅಜ್ಜ ಪೂರ್ತಿ ಕಂದವನ್ನು ಹೇಳಿಬಿಡಬಹುದು. ಪಾರ್ಶ್ವವಾಯುವಿನಿಂದ ಮಾತು ಹೋದವರು ಕೆಲವೊಮ್ಮೆ ಹಾಡಿನ ಶಬ್ದಗಳನ್ನು ಹೇಳಬಲ್ಲರು, ಏಕೆಂದರೆ ಮಾತಿಗೆ ಮಿದುಳಿನ ಎಡಭಾಗ ಮುಖ್ಯವಾದರೆ ರಾಗಕ್ಕೆ ಬಲಭಾಗದ ಆಸರೆಯೂ ಇರುತ್ತದೆ. ಹಾಗೆ ಆದಾಗ "ಹಾಡಲು ಬರುತ್ತದೆ, ಮಾತಾಡಲು ಯಾಕೆ ಬರುವುದಿಲ್ಲ, ನಾಟಕ ಮಾಡುತ್ತೀಯಾ" ಎಂದು ಗದರಬೇಡಿ. ಇದನ್ನು ನಾನು ವಾರ್ಡಿನಲ್ಲಿಯೇ ಕೇಳಿದ್ದೇನೆ. ಅದು ನಾಟಕವಲ್ಲ. ನಮಗೆ ತಿಳಿಸಿ, ಮಾತಿನ ಚಿಕಿತ್ಸೆಗೆ ಅದೇ ದಾರಿಯಾಗಬಹುದು.

ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಸಿನಿಮಾ, ಧ್ವನಿಸುರುಳಿಗಳಲ್ಲಿ ನೀವು ಕೇಳಿದ್ದೀರಿ. ಶಿಶುವಿನಹಾಳ ಇರುವುದು ನಮ್ಮ ನೆರೆಯ ಶಿಗ್ಗಾಂವ ತಾಲೂಕಿನಲ್ಲಿ. ಹಳ್ಳಿಯ ಭಜನಾ ಮಂಡಳಿಯವರು ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡುವ ಬಗೆ ಬೇರೆಯೇ. ಅದು ನಿಧಾನ, ಒರಟು, ನಡುವೆ ಕೆಮ್ಮೂ ಇರುತ್ತದೆ. ನನಗೆ ಅದೇ ಮೇಲು. ನಿಮ್ಮ ಓಣಿಯ ಭಜನೆಯವರನ್ನು ವಾರಕ್ಕೊಮ್ಮೆ ರೋಗಿಯ ಮನೆಯಲ್ಲಿ ಅರ್ಧ ತಾಸು ಕೂಡಲು ಕರೆಯಿರಿ. ಬರುತ್ತಾರೆ, ಒಂದು ಕಪ್ ಚಹಾ ಸಾಕು.

ಎಷ್ಟು ಹೊತ್ತು, ಎಷ್ಟು ಜೋರು ಎಂಬುದೂ ಮುಖ್ಯ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಸಾಕು. ಗಾಯದ ಡ್ರೆಸ್ಸಿಂಗ್, ವ್ಯಾಯಾಮದಂಥ ನೋವಿನ ಕೆಲಸಕ್ಕೆ ಹದಿನೈದು ನಿಮಿಷ ಮೊದಲು ಶುರು ಮಾಡಿದರೆ ಒಳ್ಳೆಯದು. ಹಾಡು ನಡೆಯುತ್ತಿರುವಾಗ ಪಕ್ಕದಲ್ಲಿ ಕೂತು ಸಹಜವಾಗಿ ಮಾತಾಡಿದರೆ ಕೇಳಿಸುವಷ್ಟೇ ಧ್ವನಿ ಇರಲಿ. ನುಂಗಲು ತೊಂದರೆ ಇರುವವರಿಗೆ ಉಣ್ಣಿಸುವಾಗ ಹಾಡು, ಟಿವಿ ಎರಡೂ ಬೇಡ. ಗಮನ ಬೇರೆಡೆ ಹೋದರೆ ಗಂಟಲಿಗೆ ಹತ್ತುತ್ತದೆ. ಎದ್ದು ಓಡಾಡುವಾಗ ಬೀಳುವ ಭಯವಿದ್ದವರಿಗೆ ಕಿವಿಯಲ್ಲಿ ಇಯರ್‌ಫೋನ್ ಬೇಡ. ಒಂದು ಹಾಡಿನ ನಂತರ ಎರಡು ನಿಮಿಷ ಸುಮ್ಮನಿರಿ. 2006ರಲ್ಲಿ ಇಟಲಿಯ ವೈದ್ಯರು 24 ಜನರಿಗೆ ಬೇರೆ ಬೇರೆ ಸಂಗೀತ ಕೇಳಿಸಿ ಅಳೆದಾಗ, ಗತಿ ಹೆಚ್ಚಿದಂತೆ ಎದೆಬಡಿತ, ರಕ್ತದೊತ್ತಡ ಏರಿದವು. ಎಲ್ಲಕ್ಕಿಂತ ಹೆಚ್ಚು ಇಳಿದದ್ದು ನಡುವೆ ಬಿಟ್ಟ ಎರಡು ನಿಮಿಷದ ಮೌನದಲ್ಲಿ. ಕೇಳುತ್ತ ರೋಗಿ ಅತ್ತರೆ ಗಾಬರಿಯಾಗಿ ಬಂದ್ ಮಾಡಬೇಡಿ, ಕೈ ಹಿಡಿದು ಕೂತುಕೊಳ್ಳಿ. ಚಡಪಡಿಸಿದರೆ, ಮುಖ ತಿರುಗಿಸಿದರೆ, ಹಣೆ ಗಂಟಿಕ್ಕಿದರೆ ಕೂಡಲೇ ನಿಲ್ಲಿಸಿ. ಮೊಬೈಲ್ ಬಳಸಲು ಬಾರದ ಹಿರಿಯರಿಗೆ ರೇಡಿಯೋ ಈಗಲೂ ಒಳ್ಳೆಯದು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಅವರ ಕಿವಿ ಪಳಗಿದೆ.

ಕೊನೆಯ ದಿನಗಳಲ್ಲಿರುವವರ ಬಗ್ಗೆ ಕೇಳಲು ಮನೆಯವರು ಹಿಂಜರಿಯುತ್ತಾರೆ. ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾವಿಗೆ ಕೆಲವೇ ತಾಸು ಉಳಿದಿದ್ದು ಕರೆದರೆ ಓಗೊಡದ ಕೆಲವರ ಮಿದುಳು ಕೂಡ ಶಬ್ದಕ್ಕೆ ಸ್ಪಂದಿಸಿದ್ದು ಕಂಡಿತು. ಕೇಳಿದ್ದು ಅವರಿಗೆ ತಿಳಿಯಿತೇ ಎಂದು ಆ ಅಧ್ಯಯನ ಹೇಳುವುದಿಲ್ಲ. ಆದರೂ ಆ ಕೋಣೆಯಲ್ಲಿ ಆಸ್ತಿ, ಖರ್ಚಿನ ಮಾತು ಬೇಡ. ಅವರು ಬದುಕಿನಲ್ಲಿ ಕೇಳಿದ, ಹಾಡಿದ ಹಾಡು ಸಣ್ಣದಾಗಿ ಇರಲಿ.

ಇಷ್ಟು ಹೊತ್ತು ಬೇರೆಯವರ ಧ್ವನಿಮುದ್ರಣಗಳ ಮಾತಾಯಿತು. ಎಲ್ಲಕ್ಕಿಂತ ಅಪರೂಪದ ಸಂಗೀತ ನಿಮ್ಮ ಮನೆಯ ಹಾಸಿಗೆಯಲ್ಲಿಯೇ ಇರಬಹುದು. ಬೀಸುವ ಕಲ್ಲು ಹೋಯಿತು, ಬೀಸುವ ಪದ ಹಾಡುವ ಕಾರಣವೂ ಹೋಯಿತು. ರಾಶಿ ಯಂತ್ರ ಬಂದ ಮೇಲೆ ಹಂತಿ ಪದ ಕಣದಲ್ಲಿ ಕೇಳಿಸುವುದಿಲ್ಲ. ಸೋಬಾನೆ ಪದದ ಜಾಗದಲ್ಲಿ ಮದುವೆಯ ಡಿಜೆ ಇದೆ. ಇವನ್ನು ಬಲ್ಲವರು ಈಗ ಎಪ್ಪತ್ತು ದಾಟಿದವರು, ನಮ್ಮ ವಾರ್ಡುಗಳಲ್ಲಿ ಸಕ್ಕರೆ, ಬಿಪಿ, ಮೊಣಕಾಲು ನೋವೆಂದು ಬಂದು ಮಲಗುವವರು. ಒಂದು ಪಾರ್ಶ್ವವಾಯು ಬಂದರೆ ಅಥವಾ ಮರೆವು ಹೆಚ್ಚಾದರೆ ಆ ಪದಗಳು ಮತ್ತೆ ಸಿಗುವುದಿಲ್ಲ. ಮನೆಯಲ್ಲಿ ಹಸುಗೂಸು ಇದ್ದರಂತೂ ಅಜ್ಜಿಯ ಜೋಗುಳಕ್ಕೆ ಕೂಡಲೇ ಕೆಲಸವಿದೆ. ಅಮೆರಿಕೆಯ 11 ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ 272 ಕೂಸುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಲ್ಲಗೆ ಹಾಡಿದ ಜೋಗುಳದಿಂದ ಕೂಸಿನ ಎದೆಬಡಿತ ಶಾಂತವಾಗಿದ್ದು, ಹಾಲು ಚೀಪುವುದು ಸುಧಾರಿಸಿದ್ದು ಕಂಡಿದೆ.

ಆದ್ದರಿಂದ ಮುಂದಿನ ಭಾನುವಾರ ಹೀಗೆ ಮಾಡಿ. ಮಧ್ಯಾಹ್ನ ಊಟವಾಗಿ ಸ್ವಲ್ಪ ವಿಶ್ರಾಂತಿಯಾದ ಮೇಲೆ ಅವ್ವನನ್ನೋ ಅಜ್ಜಿಯನ್ನೋ ಗೋಡೆಗೆ ಒರಗಿಸಿ ಕೂಡ್ರಿಸಿ. ಹಲ್ಲಿನ ಸೆಟ್ಟು ಹಾಕಿಕೊಂಡಿರಲಿ, ಪಕ್ಕದಲ್ಲಿ ಬಿಸಿನೀರು ಇರಲಿ. "ಹಾಡು" ಎಂದರೆ "ನನಗೇನು ಬರುತ್ತದೆ" ಎಂದೇ ಹೇಳುತ್ತಾರೆ. ಬೀಸುವಾಗ ಏನು ಹೇಳುತ್ತಿದ್ದಿರಿ, ನಿಮ್ಮ ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಯಾರು ಹಾಡಿದರು ಎಂದು ಕೇಳಿ. ಮೊಬೈಲನ್ನು ಒಂದು ಮೊಳ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಇಡಿ. ಫ್ಯಾನು ಬಂದ್ ಮಾಡಿ. ಮೊದಲು ಅವರ ಹೆಸರು, ಊರು, ತವರು, ಆ ಹಾಡು ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಸಾಲು ಮರೆತರೆ ನಡುವೆ ತಿದ್ದಬೇಡಿ, ಕಾಯಿರಿ. ದಮ್ಮು ಹತ್ತಿದರೆ ನಿಲ್ಲಿಸಿ ಮರುದಿನ ಮುಂದುವರಿಸಿ. ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಹೆಚ್ಚು ಪದಗಳು ಸಿಕ್ಕರೆ ಅಲ್ಲಿಯವರನ್ನು ವಿಚಾರಿಸಬಹುದು. ಮೊಬೈಲ್ ಕೆಟ್ಟರೆ ಎಲ್ಲ ಹೋಗುತ್ತದೆ, ಆದ್ದರಿಂದ ಅದೇ ದಿನ ಇನ್ನೊಬ್ಬರ ಮೊಬೈಲಿಗೂ ಒಂದು ಪ್ರತಿ ಕಳಿಸಿಡಿ. ಮುಂದಿನ ಸಲ ತೋರಿಸಲು ಬರುವಾಗ ಹಾಡಿದವರನ್ನೂ ಮೊಬೈಲನ್ನೂ ಜೊತೆಗೆ ಕರೆತನ್ನಿ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂಡ್ರಿಸುತ್ತೇವಲ್ಲ, ಅದು ಮುಗಿದು ಬಿಪಿ ಬರೆದುಕೊಂಡ ಮೇಲೆ ನಾವೂ ಕೇಳುತ್ತೇವೆ.